ಏರಿಯ ಬುಡದ ಹಸಿರು



ಕಾರ್ತಿಕ ಸೋಮವಾರಗಳು ಬಂದವೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನಮ್ಮ ಮನೆಗಳಲ್ಲಿ ಹೊರಸಂಚಾರದ ಸಂಭ್ರಮ ತೊಡಗುತ್ತದೆ. ಮಲೆಯ ಮಹದೇಶ್ವರನ ದರ್ಶನಕ್ಕೆ ಹೋದವರು ಹಿಂದಿರುಗುವಾಗ ನೀರು ಕಂಡಲ್ಲಿ ತಂಗಿ ಬುತ್ತಿ ಬಿಚ್ಚುವುದು ಹಿಂದಿನಿಂದ ಬಂದ ರೂಢಿ. ಗುಂಡಾಲ್ ಜಲಾಶಯ, ಹುಬ್ಬೆಹುಣಸೆ, ಉಡುತೊರೆಹಳ್ಳ, ಶಿವನಸಮುದ್ರದ ಭರಚುಕ್ಕಿ, ಇವೆಲ್ಲ ನಮ್ಮವರು ಮಕ್ಕಳುಮರಿಗಳೊಡನೆ ಹೋಗುವ ತಾಣಗಳು. ಅಷ್ಟು ದೂರ ಹೋಗಲಾರದವರಿಗೆ ಊರ ಮಗ್ಗುಲ ಕಟ್ಟೆಯೇ ವಿಹಾರಸ್ಥಾನ. ಇತ್ತೀಚಿನ ವರ್ಷಗಳಲ್ಲಿ ಹಲವು ಊರುಗಳ ತರುಣರು ಕೂಡಿ ಇಂಥ ಕಟ್ಟೆಗಳ ಏರಿಯ ಮೇಲೆ ಕಲ್ಲಿನ ಆಸನ ಹಾಕಿಸಿ, ಹೂಗಿಡ ನೆಟ್ಟು, ನೀರಿಗಿಳಿಯಲು ಮೆಟ್ಟಿಲು ಕಟ್ಟಿಸಿದ್ದಾರೆ. ಸಂಜೆಯ ಹೊತ್ತು ಅಲ್ಲಿ ಕುಳಿತು ಲಿಂಗಪೂಜೆ ಮಾಡಿಕೊಳ್ಳುವ ಹಿರಿಯರೂ ಉಂಟು. ಇದು ಸಂತೋಷದ ಸಂಗತಿಯೇ. ಆದರೆ ಈ ತಿಂಗಳು ಆ ಸಂತೋಷದ ಬುಡದಲ್ಲಿರುವ ಒಂದು ವಿಷಯವನ್ನು ತಮ್ಮ ಮುಂದೆ ಇಡಬೇಕಾಗಿದೆ. ಅದರಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಸೇರಿದೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನವರು ಸಾಮೂಹಿಕ ಇಷ್ಟಲಿಂಗ ಪೂಜೆಯನ್ನು ಏರ್ಪಡಿಸಿ ನನ್ನನ್ನು ಪ್ರವಚನಕ್ಕೆ ಕರೆದಿದ್ದರು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಂದೂರಿನ ಹೆಸರು ಹೇಳಿದರೆ ಮಿಕ್ಕ ಊರಿನವರು ‘ಅದು ನಮ್ಮದಲ್ಲ’ ಎಂದು ನಿಶ್ಚಿಂತರಾಗಿಬಿಡುತ್ತಾರೆ. ಫಾಲ್ಗುಣದ ಬಿಸಿಲು. ಸುತ್ತಣ ಹೊಲಗಳೆಲ್ಲ ಒಣಗಿ ಬೆಳ್ಳಗಾಗಿದ್ದವು. ಸಭೆ ನಡೆದುದು ಕಟ್ಟೆಯ ಏರಿಯ ಮಗ್ಗುಲಲ್ಲಿ. ಏರಿಯ ಹೊರಬದಿಯ ಬುಡದಲ್ಲಿ ಒಂದು ಚಾಪೆಯಷ್ಟು ಅಗಲ ಹಸಿರು ಹುಲ್ಲು ನಳನಳಿಸುತ್ತಿತ್ತು, ಎರಡು ಕರುಗಳು ಅಲ್ಲಿ ಮೇಯುತ್ತಿದ್ದವು. ಆ ನೋಟಕ್ಕೆ ಮನಸೋತ ನಾನು ಪ್ರವಚನದಲ್ಲಿ ಅದನ್ನೇ ದೃಷ್ಟಾಂತವಾಗಿ ಎತ್ತಿಕೊಂಡೆ. ಲೋಕವೆಲ್ಲ ಒಣಗಿದಾಗಲೂ ಶಿವಕರುಣೆ ಒಂದು ಮೂಲೆಯಲ್ಲಿ ಹಸಿರಾಗಿ ನಿಲ್ಲುತ್ತದೆ ಎಂದೆ. ಜನ ತಲೆದೂಗಿದರು.

ಪ್ರಸಾದವಾದ ಮೇಲೆ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಬಳಿಗೆ ಬಂದರು. ಅವರ ತಂದೆ ಆ ಕಟ್ಟೆಗೆ ನೀರಗಂಟಿಯಾಗಿದ್ದವರಂತೆ. ಕೈಮುಗಿದು, “ಬುದ್ಧೀ, ತಾವು ಹೇಳಿದ್ದು ಚೆನ್ನಾಗಿತ್ತು. ಆದರೆ ಅದು ಕರುಣೆಯಲ್ಲ. ಏರಿ ಬೆವರ್ತಾ ಅದೆ” ಎಂದರು. “ಬೇಸಿಗೇಲಿ ಏರಿಬುಡ ಹಸಿರಾದ್ರೆ ಕಟ್ಟೆಗೆ ಕಾಯಿಲೆ ಅಂತ ನಮ್ಮಪ್ಪ ಹೇಳೋರು.” ನಾನು ನಸುನಕ್ಕು ಹೂಂಗುಟ್ಟಿದೆ. ಊರಿನ ಮುಖಂಡರಿಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ವಾಹನ ಕಾಯುತ್ತಿತ್ತು, ಹೊರಟುಬಿಟ್ಟೆ.

ಮರುವರ್ಷದ ಹಿಂಗಾರು ಮಳೆ ಜೋರಾಗಿಯೇ ಬಂತು. ಒಂದು ರಾತ್ರಿ ಅದೇ ಹಸಿರಿನ ಜಾಗದಲ್ಲಿ ನೀರು ಬುಗ್ಗೆಯಾಗಿ ಉಕ್ಕತೊಡಗಿತು. ಮೊದಲು ತಿಳಿಯಾಗಿದ್ದುದು ನಡುರಾತ್ರಿಯ ವೇಳೆಗೆ ಕೆಂಪಗೆ ಕದಡಿತು. ತೂಬನ್ನು ತೆರೆದು ನೀರಿಳಿಸೋಣವೆಂದರೆ ವರ್ಷಗಟ್ಟಲೆ ಅಲುಗಾಡಿಸದ ತೂಬಿನ ಬಾಗಿಲು ತುಕ್ಕುಹಿಡಿದು ಕದಲಲಿಲ್ಲ. ಕೋಡಿಯ ಮೇಲೆ ಹರಿದುಹೋಗಬೇಕಾದ ನೀರಿಗೂ ದಾರಿಯಿರಲಿಲ್ಲ. ವಿಹಾರಕ್ಕೆ ಬರುವವರಿಗೆ ಕಟ್ಟೆ ತುಂಬಿ ಕಾಣಲೆಂದು ಯಾರೋ ಕೋಡಿಗೆ ಅಡ್ಡಲಾಗಿ ಮಣ್ಣಿನ ಚೀಲಗಳನ್ನು ಎರಡು ಸಾಲು ಪೇರಿಸಿದ್ದರು.

ಆ ರಾತ್ರಿ ಊರನ್ನು ಉಳಿಸಿದವರು ಆ ಹಿರಿಯರೇ. ಮೊದಲು ಏರಿಯ ಕೆಳಗಣ ಮನೆಗಳವರನ್ನೆಲ್ಲ ಎಬ್ಬಿಸಿ ಎತ್ತರದಲ್ಲಿದ್ದ ಶಾಲೆಗೆ ಕಳುಹಿಸಿದರು. ಬಳಿಕ ಕೋಡಿಯ ಚೀಲಗಳನ್ನು ಒಂದೊಂದಾಗಿ ತೆಗೆಸಿ ನೀರಿಗೆ ದಾರಿ ಮಾಡಿಸಿದರು. ಉಕ್ಕುತ್ತಿದ್ದ ಬುಗ್ಗೆಗೆ ಜೇಡಿಮಣ್ಣು ಮೆತ್ತಲು ಓಡಿದ ತರುಣರನ್ನು ತಡೆದು, ಅದರ ಮೇಲೆ ಮೊದಲು ಮರಳು, ಆಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಕಿಸಿ, ಸುತ್ತ ಚೀಲಗಳ ಕಟ್ಟೆ ಕಟ್ಟಿಸಿದರು. ಬೆಳಗಾಗುವ ಹೊತ್ತಿಗೆ ಹೊರಬರುವ ನೀರು ಮತ್ತೆ ತಿಳಿಯಾಯಿತು. ಏರಿ ನಿಂತಿತು. ಆದರೆ ಕೋಡಿಯ ಕೆಳಗೆ ಕೊಯ್ಲಿಗೆ ಬಂದಿದ್ದ ಒಂದು ಪಟ್ಟೆ ರಾಗಿ ಕೊಚ್ಚಿಹೋಯಿತು. ಆ ಹೊಲ ಅವರದೇ. ಚೀಲ ತೆಗೆಸುವಾಗ ಅದು ಅವರಿಗೆ ತಿಳಿದೇ ಇತ್ತು.

ಈ ಸುದ್ದಿ ನನಗೆ ಮುಟ್ಟಿದುದು ಹದಿನೈದು ದಿನಗಳ ಬಳಿಕ. ಯಾರೂ ನನ್ನನ್ನು ದೂರಲಿಲ್ಲ. ಆದರೆ ನಾನು ದೃಷ್ಟಾಂತವನ್ನು ಕಂಡಲ್ಲಿ ಅವರು ವಸ್ತುವನ್ನು ಕಂಡಿದ್ದರು. ಪಾಠವನ್ನು ನಾನು ಅಲ್ಲಿ ಕಲಿಯಬೇಕಿತ್ತು, ಹೇಳಬೇಕಿರಲಿಲ್ಲ. ಅಂದಿನಿಂದ ಈ ವಿಷಯವನ್ನು ತಿಳಿದವರಲ್ಲಿ ಕೇಳಿ, ಓದಿ, ಸಂಗ್ರಹಿಸಿದುದನ್ನು ಇಲ್ಲಿ ಅರ್ಪಿಸುತ್ತಿದ್ದೇನೆ.

ಸಣ್ಣ ಕಟ್ಟೆಯಲ್ಲಿ ಎಂಥ ಅಪಾಯ ಎಂದು ಕೆಲವರು ಕೇಳಬಹುದು. ಲೆಕ್ಕ ಸರಳವಾಗಿದೆ. ಒಂದು ಎಕರೆ ಹರಹಿನಲ್ಲಿ ಸರಾಸರಿ 2 ಮೀಟರ್ ನೀರು ನಿಂತರೆ ಅದು ಸುಮಾರು 80 ಲಕ್ಷ ಲೀಟರ್, ತೂಕದಲ್ಲಿ 8,000 ಟನ್. ಹತ್ತು ಎಕರೆಯ ಕಟ್ಟೆಯಾದರೆ 80,000 ಟನ್. ಈ ಭಾರವನ್ನು ತಡೆದು ನಿಂತಿರುವುದು ಬರಿಯ ಮಣ್ಣು. ಮಣ್ಣಿನ ಏರಿಯೊಳಗೆ ನೀರು ಅಷ್ಟಿಷ್ಟು ಜಿನುಗುವುದು ಸಹಜ. ಜಿನುಗುವ ನೀರು ತಿಳಿಯಾಗಿದ್ದರೆ ಅದು ಎಚ್ಚರಿಕೆ. ಕದಡಿ ಬಂದರೆ ಅಪಾಯ, ಏಕೆಂದರೆ ಆಗ ನೀರಿನೊಡನೆ ಏರಿಯ ಮಣ್ಣೇ ಕಣಕಣವಾಗಿ ಹೊರಟುಹೋಗುತ್ತಿರುತ್ತದೆ. ಒಳಗೆ ಬೆರಳಗಲದ ಬಿಲವಾಗಿ ತೊಡಗಿದುದು ತೋಳಗಲವಾಗಿ, ಕೊನೆಗೆ ಏರಿಯೇ ಕುಸಿಯುತ್ತದೆ. ಹೊರಬದಿಯಲ್ಲಿ ಜೇಡಿ ಮೆತ್ತಿದರೆ ನೀರು ಮತ್ತೊಂದು ದಾರಿ ಹುಡುಕುತ್ತದೆ. ಮರಳು ಜಲ್ಲಿಗಳ ಪದರವಾದರೋ ಜರಡಿಯಂತೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. ಆ ಹಿರಿಯರು ಯಾವ ಪುಸ್ತಕವನ್ನೂ ಓದದೆ ಮಾಡಿದುದನ್ನೇ ಇಂದಿನ ಎಂಜಿನಿಯರುಗಳೂ ಹೇಳುತ್ತಾರೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಕಾಲದ, ಕ್ರಿ.ಶ. 1369ರ ಒಂದು ಶಾಸನವಿದೆ. ಉತ್ತಮ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಅದು ಹೇಳುತ್ತದೆ. ಆ ದೋಷಗಳಲ್ಲಿ ಒಂದು ಏರಿಯಿಂದ ನೀರು ಒಸರುವುದು. ಆರೂವರೆ ಶತಮಾನಗಳ ಹಿಂದೆ ಕಲ್ಲಿನಲ್ಲಿ ಕೊರೆದ ಮಾತನ್ನು ಶಾಸ್ತ್ರ ಓದಿದ ನಾನು ಶಿವಕರುಣೆಯೆಂದು ವ್ಯಾಖ್ಯಾನಿಸಿದೆ!

ದೂರದ ನಿದರ್ಶನಗಳೂ ಉಂಟು, ಹತ್ತಿರದವೂ ಉಂಟು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣದಲ್ಲಿ ಅಸಂಖ್ಯ ಜನ ಮಡಿದರು. ಹೊರಹೋಗಲು ದಾರಿ ಸಾಲದೆ ನೀರು ಏರಿಯನ್ನೇ ಮೀರಿ ಹರಿದುದು ಆ ದುರಂತಕ್ಕೆ ಕಾರಣ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬ ಸಣ್ಣ ಅಣೆಕಟ್ಟು ಒಡೆದು ಕೆಳಗಿನ ಮನೆಗಳು ಕೊಚ್ಚಿಹೋದವು. ಸುಮಾರು ಇಪ್ಪತ್ತು ಜನ ಅಸುನೀಗಿದರು. ಅಲ್ಲಿ ಸೋರಿಕೆಯಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರು. ನಮ್ಮ ಚಾಮರಾಜನಗರದ ಬಳಿಯ ಚಿಕ್ಕಹೊಳೆ ಅಣೆಕಟ್ಟೂ 1972ರಲ್ಲಿ ಒಡೆದಿತ್ತೆಂಬುದನ್ನು ಇಂದಿನ ತಲೆಮಾರು ಮರೆತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ನಾವೆಲ್ಲ ಕೇಳಿದ್ದೇವೆ. ಅಷ್ಟು ದೊಡ್ಡ ಅಣೆಕಟ್ಟನ್ನೂ ಒಂದು ಸರಪಳಿಯ ಕೊಂಡಿ ಸಂಕಟಕ್ಕೆ ಈಡುಮಾಡಿತು. ಅಲ್ಲಿ ನೋಡಿಕೊಳ್ಳಲು ಮಂಡಳಿಯುಂಟು, ತಜ್ಞರುಂಟು. ನಮ್ಮ ಊರ ಕಟ್ಟೆಗೆ ಯಾರುಂಟು?

ಈ ಪ್ರಶ್ನೆಯೇ ಮುಖ್ಯವಾದುದು. ಕೇಂದ್ರ ಸರ್ಕಾರ 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯಿದೆಯನ್ನು ತಂದಿತು. ಮಳೆಗಾಲದ ಮೊದಲೊಮ್ಮೆ, ಬಳಿಕವೊಮ್ಮೆ ಅಣೆಕಟ್ಟನ್ನು ಪರೀಕ್ಷಿಸಲೇಬೇಕೆಂಬ ವಿಧಿ ಅದರಲ್ಲಿದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ; 10ರಿಂದ 15 ಮೀಟರಿನವಕ್ಕೆ ಉದ್ದ, ನೀರಿನ ಪ್ರಮಾಣ ಮುಂತಾದ ಕೆಲವು ನಿಬಂಧನೆಗಳ ಮೇರೆಗೆ. ನಾಲ್ಕೈದು ಮೀಟರಿನ ನಮ್ಮ ಏರಿಗಳು ಆ ಕಾಯಿದೆಯ ಕಣ್ಣಿಗೇ ಬೀಳವು. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ, ಅದಕ್ಕೂ ಚಿಕ್ಕವು ಪಂಚಾಯತಿಗಳ ಪಾಲು. ಪಂಚಾಯತಿಗೆ ಬೀದಿದೀಪ, ನಲ್ಲಿನೀರು, ಚರಂಡಿಗಳ ನಡುವೆ ಕಟ್ಟೆಯ ನೆನಪಾಗುವುದು ಅದು ಒಡೆದ ದಿನವೇ.

ಹಿಂದೆ ಹೀಗಿರಲಿಲ್ಲ. ಕೆರೆ ಕಟ್ಟಿಸಿದವರಿಗೂ ಕಾಯ್ದುಕೊಂಡವರಿಗೂ ಭೂಮಿ ಬಿಟ್ಟುಕೊಟ್ಟ ಕಟ್ಟುಕೊಡಗೆ, ಬಿತ್ತುವಟ್ಟಗಳ ಉಲ್ಲೇಖ ನಮ್ಮ ನಾಡಿನ ಶಾಸನಗಳಲ್ಲಿ ಹೇರಳವಾಗಿದೆ. ಹೂಳೆತ್ತುವ ಬಂಡಿಗೆಂದೇ ದತ್ತಿ ಬಿಟ್ಟವರುಂಟು. ಊರಿಗೊಬ್ಬ ನೀರಗಂಟಿ ಇರುತ್ತಿದ್ದನು. ಏರಿಯ ಮೇಲೆ ದಿನವೂ ನಡೆಯುವುದು, ತೂಬು ತೆರೆದು ಮುಚ್ಚುವುದು, ಮಳೆಯ ರಾತ್ರಿ ಕೋಡಿಯ ಬಳಿ ಎಚ್ಚರವಿರುವುದು ಅವನ ಕಾಯಕ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದುಗೊಳಿಸಿತು. ಹುಟ್ಟಿನಿಂದ ಕೆಲಸವನ್ನು ಹೊರಿಸುವುದು ನಿಂತುದು ಬಸವಾದಿ ಪ್ರಮಥರಿಗೆ ಒಪ್ಪಿಗೆಯಾಗುವ ಮಾತೇ. ಆದರೆ ಹುದ್ದೆಯೊಡನೆ ಹೊಣೆಯೂ ಹೋಯಿತು. ಇಂದು ನೀರಗಂಟಿಯೆಂದರೆ ನಲ್ಲಿಗೆ ನೀರು ಬಿಡುವವನು. ಏರಿಯನ್ನು ನಡೆದು ನೋಡುವವನು ಯಾರೂ ಇಲ್ಲ.

ಇಲ್ಲಿ ಸೊನ್ನಲಿಗೆಯ ಸಿದ್ಧರಾಮರ ನೆನಪಾಗದಿರದು. ಆ ಮಹಾನುಭಾವರು ಕೆರೆ ಕಟ್ಟುವುದನ್ನೇ ಶಿವಯೋಗವನ್ನಾಗಿ ಮಾಡಿಕೊಂಡವರು. ಇಂದಿನ ಸೊಲ್ಲಾಪುರದಲ್ಲಿ ಅವರ ಗುಡಿಯ ಸುತ್ತಣ ಕೆರೆಯನ್ನು ನಮ್ಮವರು ಅನೇಕರು ಕಂಡಿದ್ದಾರೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಕೆರೆಯ ಕೆಲಸದಲ್ಲಿದ್ದ ಸಿದ್ಧರಾಮರನ್ನು ಕೆಣಕಿ ಎಚ್ಚರಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅದನ್ನು ಓದಿ, ಪ್ರಭುದೇವರು ಕೆರೆಯ ಕೆಲಸವನ್ನೇ ನಿರಾಕರಿಸಿದರೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅವರು ನಿರಾಕರಿಸಿದುದು ‘ನಾನು ಕಟ್ಟಿದೆ’ ಎಂಬ ಭಾವವನ್ನು. ಕಟ್ಟುವವನಿಗೆ ಹೆಸರುಂಟು, ಶಿಲಾಫಲಕವುಂಟು, ಹಾರತುರಾಯಿಗಳುಂಟು. ಕಾಯುವವನಿಗೆ ಏನೂ ಇಲ್ಲ. ಅವನು ಕಾಯ್ದುದು ಯಾರಿಗೂ ಕಾಣುವುದಿಲ್ಲ, ಏಕೆಂದರೆ ಅವನು ಕಾಯ್ದರೆ ಏನೂ ನಡೆಯುವುದಿಲ್ಲ. ಅಹಂಕಾರಕ್ಕೆ ಎಡೆಯೇ ಇಲ್ಲದ ಸೇವೆಯನ್ನಲ್ಲವೆ ಶರಣರು ದಾಸೋಹವೆಂದುದು? ಕಟ್ಟೆಯ ಏರಿಯನ್ನು ವರ್ಷಕ್ಕೆರಡು ಬಾರಿ ನಡೆದು ನೋಡುವುದು ಅಂಥ ದಾಸೋಹ. ಒಂದು ಉದ್ಧರಣೆ ನೀರನ್ನು ಪಾದೋದಕವೆಂದು ಕಣ್ಣಿಗೊತ್ತಿಕೊಳ್ಳುವ ನಾವು ಒಂದು ಕಟ್ಟೆಯ ನೀರಿನ ಬಗೆಗೆ ಉದಾಸೀನರಾಗಬಹುದೆ?

ಹಾಗಾದರೆ ಮಾಡತಕ್ಕದ್ದೇನು? ನನ್ನ ಅರಿವಿಗೆ ಬಂದಷ್ಟನ್ನು ಹೇಳುತ್ತೇನೆ.

ಯುಗಾದಿ ಕಳೆದು ಬಸವ ಜಯಂತಿ ಬರುವುದರೊಳಗೆ ಊರಿನ ನಾಲ್ಕು ಜನ ಏರಿಯ ಮೇಲೊಮ್ಮೆ, ಹೊರಬುಡದಲ್ಲೊಮ್ಮೆ ಪೂರ್ತಿ ನಡೆಯಲಿ. ಬೇಸಿಗೆಯಲ್ಲಿ ಹಸಿರಾಗಿ ಒದ್ದೆಯಾಗಿರುವ ಜಾಗ, ಏರಿಯ ಬೆನ್ನು ತಗ್ಗಾದ ಕಡೆ, ಉದ್ದಕ್ಕೆ ಬಿಟ್ಟ ಬಿರುಕು, ಏಡಿ ಹೆಗ್ಗಣಗಳ ಬಿಲ, ಇವನ್ನು ಗುರುತಿಸಲಿ. ಏರಿಯ ಮೇಲೆ ಹುತ್ತವಿದ್ದರೆ ಅದಕ್ಕೆ ಹಾಲೆರೆಯುವ ಮೊದಲು ಅದರಡಿ ಏರಿ ಎಷ್ಟು ಟೊಳ್ಳಾಗಿದೆಯೆಂದು ಯೋಚಿಸಲಿ. ನೆರಳಿಗೆಂದು ಏರಿಯ ಮೇಲೆ ದೊಡ್ಡ ಮರಗಳನ್ನು ನೆಡುವುದು ತರವಲ್ಲ. ಮರ ಸತ್ತ ಬಳಿಕ ಕೊಳೆತ ಬೇರೇ ನೀರಿಗೆ ಕೊಳವೆಯಾಗುತ್ತದೆ. ಹುಲ್ಲಿರಲಿ, ಹೂಗಿಡವಿರಲಿ, ಆಲ ಅರಳಿಗಳು ಏರಿಯಿಂದಾಚೆಗೆ ಇರಲಿ.

ತೂಬನ್ನು ವರ್ಷಕ್ಕೊಮ್ಮೆಯಾದರೂ ತೆರೆದು ಮುಚ್ಚಿ ನೋಡಬೇಕು. ಕೋಡಿಯನ್ನು ಯಾವ ಕಾರಣಕ್ಕೂ ಎತ್ತರಿಸಬಾರದು. ಮೀನಿಗೆಂದು ಬಲೆ ಕಟ್ಟುವುದು, ಚೀಲ ಪೇರಿಸುವುದು, ಕೋಡಿಹಳ್ಳದಲ್ಲಿ ಅಂಗಡಿ ಹಾಕುವುದು, ಇವೆಲ್ಲ ಕಟ್ಟೆಯ ಕೊರಳನ್ನು ಹಿಸುಕಿದಂತೆ. ತುಂಬಿದ ಕಟ್ಟೆ ನೋಡಲು ಅಂದ ನಿಜ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಆ ಅಂದ ಬಹಳ ಹೊತ್ತು ಉಳಿಯುವುದಿಲ್ಲ.

ವಿಹಾರಕ್ಕೆ ಹೋಗುವ ಮನೆಗಳವರಿಗೂ ಒಂದು ಮಾತು. ಹಿಂದಿನ ಕಟ್ಟೆಗಳ ಒಡಲು ಇಳಿಜಾರಾಗಿ, ಹೆಜ್ಜೆಹೆಜ್ಜೆಗೆ ಆಳವಾಗುತ್ತಿತ್ತು. ಈಗ ಹೂಳು, ಮಣ್ಣು ತೆಗೆಯುವ ಯಂತ್ರಗಳು ನಡುನಡುವೆ ಆಳೆತ್ತರದ ಗುಂಡಿಗಳನ್ನು ತೋಡಿಹೋಗಿರುತ್ತವೆ. ನೀರು ತುಂಬಿದ ಮೇಲೆ ಅವು ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತ ಹುಡುಗ ಇನ್ನೊಂದು ಹೆಜ್ಜೆಯಿಟ್ಟರೆ ಮುಳುಗಿಹೋಗಬಹುದು. ಕೋಡಿಯ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಭಾವಚಿತ್ರಕ್ಕೆ ನಿಲ್ಲಬಾರದು. ಯಾರಾದರೂ ನೀರಿಗೆ ಬಿದ್ದರೆ ಈಜು ಬಾರದವರು ಹಿಂದೆಯೇ ಧುಮುಕಿ ಇನ್ನೊಂದು ಜೀವವನ್ನು ಕಳೆಯಬಾರದು. ಸೀರೆ, ಹಗ್ಗ, ಉದ್ದದ ಗಳು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಯಾವುದು ಸಿಕ್ಕರೆ ಅದನ್ನು ಎಸೆದು ಎಳೆಯಬೇಕು. ಕಲ್ಲಿನ ಆಸನ ಹಾಕಿಸಿದ ತರುಣರು ಒಂದು ಹಗ್ಗವನ್ನೂ ಒಂದು ಗಳುವನ್ನೂ ಅಲ್ಲಿ ಕಟ್ಟಿಟ್ಟರೆ ಅವರ ಸೇವೆ ಪೂರ್ಣವಾಗುತ್ತದೆ.

ಕೊನೆಯದಾಗಿ, ಕಂಡ ದೋಷವನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡಬೇಕು. ಪಂಚಾಯತಿಗೋ ಸಣ್ಣ ನೀರಾವರಿ ಇಲಾಖೆಗೋ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಒಂದು ಪ್ರತಿಯನ್ನು ಮಠದಲ್ಲೋ ಸಮುದಾಯ ಭವನದಲ್ಲೋ ಇರಿಸಬೇಕು. ಮುಂದಿನ ವರ್ಷ ನಡೆದು ನೋಡುವವರಿಗೆ ಆ ಕಾಗದವೇ ದಾರಿ ತೋರುತ್ತದೆ. ಒದ್ದೆಯ ಜಾಗ ಹೋದ ವರ್ಷ ಚಾಪೆಯಷ್ಟಿದ್ದುದು ಈ ವರ್ಷ ಕಣದಷ್ಟಾಗಿದೆಯೆ ಎಂಬುದು ಬರೆದಿಟ್ಟರೆ ತಾನೆ ತಿಳಿಯುವುದು? ಜಾತಿಮತಗಳ ಭೇದವಿಲ್ಲದೆ ಏರಿಯ ಕೆಳಗಿರುವ ಎಲ್ಲ ಮನೆಗಳವರನ್ನೂ ಈ ಕೆಲಸಕ್ಕೆ ಕರೆಯಬೇಕು. ಮೊದಲು ನೀರು ನುಗ್ಗುವುದು ಅತ್ಯಂತ ತಗ್ಗಿನ ಮನೆಗೆ. ತಗ್ಗಿನಲ್ಲಿ ವಾಸಿಸುವವರು ಎಲ್ಲ ಊರಿನಲ್ಲಿಯೂ ಬಹುಪಾಲು ಬಡವರು.

ನಾನು ಹೇಳಿದ ಊರಿನವರು ಆ ಹಿರಿಯರ ಮನೆಗೆ ದಾಸೋಹದ ಕಣಜದಿಂದ ಆ ವರ್ಷದ ರಾಗಿ ಅಳೆದುಕೊಟ್ಟರು. ಅವರು ಮೊದಲು ಬೇಡವೆಂದರಂತೆ. ಅದು ದಾನವಲ್ಲ, ನೀರಗಂಟಿಯ ಕೊಡಗೆ ಎಂದ ಮೇಲೆ ಒಪ್ಪಿಕೊಂಡರಂತೆ. ಏರಿಯ ಬುಡಕ್ಕೆ ಈಗ ಮರಳು ಜಲ್ಲಿಗಳ ಭದ್ರವಾದ ಪದರ ಹಾಕಿಸಲಾಗಿದೆ. ತೂಬಿನ ಬಾಗಿಲು ಮಾತ್ರ ಇನ್ನೂ ಹೊಸದಾಗಬೇಕಾಗಿದೆ, ಅರ್ಜಿ ಹೋಗಿದೆ.

ಬರುವ ಕಾರ್ತಿಕದಲ್ಲಿ ಅದೇ ಊರಿನವರು ಮತ್ತೆ ಪ್ರವಚನಕ್ಕೆ ಕರೆದಿದ್ದಾರೆ. ವೇದಿಕೆಯೇರುವ ಮುನ್ನ ಆ ಹಿರಿಯರೊಡನೆ ಏರಿಯ ಬುಡದಲ್ಲಿ ಈ ತುದಿಯಿಂದ ಆ ತುದಿಯವರೆಗೆ ನಡೆಯಬೇಕೆಂದಿದ್ದೇನೆ. ಅವರು ಕಂಡುದನ್ನು ಹೇಳಲಿ. ಅದಾದ ಮೇಲೆ, ಉಳಿದಿದ್ದರೆ, ನಾನು ಎರಡು ಮಾತು ಆಡುತ್ತೇನೆ.